ಗೊಂಬೆ ಚಿಕ್ಕದು, ಬೆಲೆ ಯಾಕೆ ದೊಡ್ಡದು?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಇವತ್ತು ಗೊಂಬೆ ವಿಷಯ ಮಾತಾಡೋಣ. ನಗಬೇಡಿ. ಯಾದಗಿರಿ, ಶಹಾಪುರ, ಸುರಪುರ ಅಂದ ತಕ್ಷಣ ನಮ್ಮ ಸುದ್ದಿಮನೆಗಳಿಗೆ ನೆನಪಾಗೋದು ಬರ, ಗುಳೆ, ಕೃಷ್ಣಾ ನದಿ ಪ್ರವಾಹ. ಆದರೆ ಅಲ್ಲಿನ ಹುಡುಗರ ಕೈಯಲ್ಲೂ ಮೊಬೈಲ್ ಇದೆ, ಮೊಬೈಲ್‌ನಲ್ಲಿ ಗೇಮ್ ಇದೆ. ಗೇಮ್‌ನಲ್ಲಿ ಓಡಾಡೋ ಹೀರೋ ಮನೆಯ ಗೂಡಿನಲ್ಲೂ ನಿಂತಿರಬೇಕು ಅನ್ನೋ ಆಸೆ ಬೆಂಗಳೂರಿನ ಹುಡುಗನಿಗೆ ಮಾತ್ರ ಯಾಕಿರಬೇಕು? ಈ ಗೊಂಬೆಗಳಿಗೆ ಆ್ಯಕ್ಷನ್ ಫಿಗರ್ ಅಂತಾರೆ. ಆನ್‌ಲೈನ್‌ನಲ್ಲಿ ಬೆಲೆ ನೋಡಿದ ಅಪ್ಪ ಗಾಬರಿಯಾಗ್ತಾನೆ. ಅಂಗೈಯಗಲದ ಪ್ಲಾಸ್ಟಿಕ್ಕಿಗೆ ಸಾವಿರಾರು ರೂಪಾಯಿನಾ?

ಮೊದಲು ಹೆಸರಿನ ಕಥೆ ಕೇಳಿ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿ ‘ಜಿ.ಐ. ಜೋ’ ಅನ್ನೋ ಸೈನಿಕನ ಗೊಂಬೆ ತಂತು. ಗಂಡು ಹುಡುಗರು ಗೊಂಬೆ ಆಡಲ್ಲ ಅನ್ನೋ ಅಳುಕು ಕಂಪನಿಗಿತ್ತು. ಹಾಗಾಗಿ ಗೊಂಬೆ ಅನ್ನೋ ಪದವನ್ನೇ ಕೈಬಿಟ್ಟು ಆ್ಯಕ್ಷನ್ ಫಿಗರ್ ಅಂತ ಕರೀತು. ವಿಡಿಯೋ ಗೇಮ್‌ಗಳು ಮಾರುಕಟ್ಟೆಗೆ ಬಂದಿದ್ದು ಆಮೇಲೆ. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಜಿಗಿದಾಡಿದ ಮಾರಿಯೋ ಇವತ್ತು ಜಗತ್ತಿನ ಎಷ್ಟೋ ಮನೆಗಳ ಕಪಾಟಿನಲ್ಲಿ ನಿಂತಿದ್ದಾನೆ. 2014ರಲ್ಲಿ ನಿಂಟೆಂಡೋ ಕಂಪನಿ ಗೊಂಬೆಯ ಪೀಠದೊಳಗೆ ಚಿಪ್ ಇಟ್ಟು ‘ಅಮೀಬೊ’ ಅಂತ ಮಾರಿತು. ಗೊಂಬೆಯನ್ನು ಆಟದ ಯಂತ್ರಕ್ಕೆ ತಾಗಿಸಿದರೆ ಆಟ ಅದನ್ನು ಗುರುತಿಸುತ್ತೆ!

ಈಗ ಬೆಲೆ ಲೆಕ್ಕ. ಪಾತ್ರದ ಮಾಲೀಕರು ಗೇಮ್ ಕಂಪನಿಯವರು. ಗೊಂಬೆ ಮಾಡೋರು ಅವರಿಗೆ ರಾಯಲ್ಟಿ ಕಟ್ಟಬೇಕು. ಕೈ, ಮಂಡಿ, ಕುತ್ತಿಗೆ ತಿರುಗಬೇಕು ಅಂದ್ರೆ ಪ್ರತಿ ತುಂಡಿಗೂ ಲೋಹದ ಅಚ್ಚು ಬೇಕು. ದೊಡ್ಡ ಖರ್ಚು ಆ ಅಚ್ಚಿನದೇ. ಮೇಲೆ ಬಣ್ಣದ ಕೆಲಸ. ಹೊರಗಿನಿಂದ ಬಂದರೆ ಸುಂಕ ಬೇರೆ: ಆಟಿಕೆ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು.

ಹಾಗಾದ್ರೆ ಸಂಕ್ರಾಂತಿಗೆ ನಡೆಯೋ ಮೈಲಾಪುರ ಮೈಲಾರಲಿಂಗೇಶ್ವರ ಜಾತ್ರೆಯಂಥ ಕಡೆ ಅದೇ ಮುಖದ ಗೊಂಬೆ ನೂರಿನ್ನೂರಕ್ಕೆ ಸಿಕ್ಕರೆ? ನಕಲಿ ಅಂತಲೇ ಲೆಕ್ಕ. ರಾಯಲ್ಟಿ ಇಲ್ಲ, ಬಣ್ಣದ ಪರೀಕ್ಷೆಯೂ ಇಲ್ಲ. ಅಗ್ಗದ ಬಣ್ಣದಲ್ಲಿ ಸೀಸ ಇರಬಹುದು, ಎಳೆ ಮಗು ಅದನ್ನು ಬಾಯಿಗಿಡುತ್ತೆ. 2021ರ ಜನವರಿ 1ರಿಂದ ಹದಿನಾಲ್ಕರೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಇನ್ನೊಂದು ಸೂಕ್ಷ್ಮ ನೋಡಿ. ಎಷ್ಟೋ ಅಸಲಿ ಫಿಗರ್‌ಗಳ ಡಬ್ಬಿ ಮೇಲೆ ‘15+’ ಅಂತಿರುತ್ತೆ. ಅಂದ್ರೆ ಅದು ದೊಡ್ಡವರು ಕೂಡಿಡೋ ವಸ್ತು. ದುಡ್ಡು ಹೆಚ್ಚು ಕೊಟ್ಟಿದ್ದೀನಿ ಅಂತ ಐದು ವರ್ಷದ ಮಗುವಿನ ಕೈಗೆ ಕೊಡಬೇಡಿ.

ನಮ್ಮ ಕಡೆಯ ಸಂಗ್ರಾಹಕರಿಗೆ ಇನ್ನೊಬ್ಬ ಶತ್ರು ಇದ್ದಾನೆ, ಬಿಸಿಲು. ಈ ಗೊಂಬೆಗಳಲ್ಲಿ ಹೆಚ್ಚಿನವು ಪಿವಿಸಿಯವು. ಪಿವಿಸಿ ಮೆದುವಾಗಲಿ ಅಂತ ಒಂದು ಎಣ್ಣೆಯಂಥ ರಾಸಾಯನಿಕ ಸೇರಿಸಿರ್ತಾರೆ. ಶಾಖಕ್ಕೆ ಅದು ಮೇಲೆ ಜಿನುಗುತ್ತೆ, ಗೊಂಬೆ ಅಂಟಂಟಾಗುತ್ತೆ. ತೆಳ್ಳನೆ ಕಾಲಿನ ವೀರ ಮೆಲ್ಲಗೆ ವಾಲ್ತಾನೆ. ಏಪ್ರಿಲ್-ಮೇನಲ್ಲಿ ನಲವತ್ತು ಡಿಗ್ರಿ ದಾಟೋ ಯಾದಗಿರಿಯಲ್ಲಿ ತಗಡಿನ ಮನೆ, ಕಿಟಕಿ ಪಕ್ಕದ ಕಪಾಟು ಎರಡೂ ಇದಕ್ಕೆ ಆಗಲ್ಲ. ಗಾಳಿಯಾಡೋ ತಂಪಾದ ಮೂಲೆಯಲ್ಲಿಡಿ. ಅಂಟಾದರೆ ತಣ್ಣೀರು, ಸೌಮ್ಯ ಸೋಪು ಸಾಕು.

ಇಷ್ಟೆಲ್ಲ ರಗಳೆ ಯಾಕೆ, ಗೇಮ್ ಒಳಗೇ ಹೀರೋಗೆ ಹೊಸ ಉಡುಪು ಕೊಂಡರಾಯ್ತಲ್ಲ ಅಂತೀರಾ? ನಾನು ಒತ್ತಿ ಹೇಳಬೇಕಿರೋದು ಇಲ್ಲೇ. ಹುಡುಗರು ಅಪ್ಪನ ಯುಪಿಐನಿಂದ ಕೊಳ್ಳೋ ಆ ‘ಸ್ಕಿನ್’ ಕಂಪನಿಯ ಸರ್ವರ್‌ನಲ್ಲಿರುತ್ತೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯ್ತು. ಮುಂದಿನ ವರ್ಷ ಬಿಜಿಎಂಐ ಹೆಸರಲ್ಲಿ ಬಂದಾಗ ಹಳೇ ಖಾತೆ ವರ್ಗಾಯಿಸಿಕೊಳ್ಳೋಕೆ ಅವಕಾಶ ಕೊಟ್ಟರು, ಸರಿ. ಆದರೆ ಆ ನಡುವಿನ ತಿಂಗಳುಗಳಲ್ಲಿ ನಿಮ್ಮ ದುಡ್ಡಿನ ಉಡುಪು ಎಲ್ಲಿತ್ತು? 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧ. ಅದೇ ಜುಲೈನಲ್ಲಿ ಬಿಜಿಎಂಐಯೇ ಆ್ಯಪ್ ಅಂಗಡಿಗಳಿಂದ ಮಾಯವಾಗಿ, ಮರಳಿದ್ದು 2023ರ ಮೇನಲ್ಲಿ. ಗೂಡಿನಲ್ಲಿ ನಿಂತ ಗೊಂಬೆಯನ್ನು ಯಾವ ಆದೇಶವೂ ಕಿತ್ತುಕೊಳ್ಳಲ್ಲ. ತಮ್ಮನಿಗೆ ಕೊಡಬಹುದು, ಗೆಳೆಯನ ಜೊತೆ ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ತಿಂಗಳು ತಿಂಗಳು ಸ್ಕಿನ್‌ಗೆ ಸುರಿಯೋ ದುಡ್ಡಲ್ಲಿ ವರ್ಷಕ್ಕೊಂದು ಅಸಲಿ ಗೊಂಬೆ ಕೊಂಡವನು ಜಾಣ ಅಂತಲೇ ನಾನು ಹೇಳ್ತೀನಿ.

ಕೊನೆಯದಾಗಿ ಒಂದು ಮಾತು. ಗೊಂಬೆ ಕೂಡಿಡೋನು ಕಥೆಯನ್ನೇ ಕೂಡಿಡ್ತಾನೆ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತವರು. ಅವರ ಕಥೆಗೆ ಯಾವ ಕಂಪನಿಯೂ ರಾಯಲ್ಟಿ ಕೇಳಲ್ಲ. ಉಡುಗೆ, ಒಡವೆ ಹೇಗಿದ್ದವು ಅಂತ ನೋಡೋಕೆ ನಾಯಕರ ಆಶ್ರಯದಲ್ಲಿ ಬೆಳೆದ ಸುರಪುರ ಚಿತ್ರಕಲೆ ಇದೆ. ಲೋಹದ ಅಚ್ಚು ದುಬಾರಿ ಅಂತೀರಾ? ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರ, ಹುಣಸೆ ಬೀಜದ ಅಂಟಿನಲ್ಲಿ ತಲೆಮಾರುಗಳಿಂದ ಗೊಂಬೆ ಮಾಡ್ತಿದ್ದಾರೆ. ಆ ಕಲೆಗೆ ಜಿಐ ಮಾನ್ಯತೆಯೂ ಇದೆ. ನೂರು ಗೊಂಬೆಗೆ ಅಚ್ಚು ಬೇಕಿಲ್ಲ, ಕೈ ಸಾಕು. ಮಾರಿಯೋ ಇರಲಿ ಬಿಡಿ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನ ಪಕ್ಕದಲ್ಲಿ ಸುರಪುರದ ದೊರೆಗೂ ಒಂದಂಗುಲ ಜಾಗ ಇರಲಿ. ಏನಂತೀರಿ?