ಎರಡು ಕ್ಯಾಮೆರಾ, ಒಂದೇ ಧ್ವನಿ: ಅಭ್ಯಾಸ ಪಾಠದ ವಿಡಿಯೋ ಜೋಡಿಸುವ ಕ್ರಮ

ಅಭ್ಯಾಸ ಬೋಧನೆಯ ಪಾಠವನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದು ಇಂದು ಕಷ್ಟದ ಕೆಲಸವಲ್ಲ. ಆ ಚಿತ್ರವನ್ನು ಹಿಮ್ಮಾಹಿತಿಗೆ ಬಳಸಲು ಕುಳಿತಾಗ ತೊಡಕು ಎದುರಾಗುತ್ತದೆ. ಕ್ಯಾಮೆರಾ ಪ್ರಶಿಕ್ಷಣಾರ್ಥಿಯ ಕಡೆಗಿದ್ದರೆ ಮಕ್ಕಳ ಬೆನ್ನಷ್ಟೇ ಕಾಣುತ್ತದೆ. ಮಕ್ಕಳ ಕಡೆಗಿದ್ದರೆ ಕಪ್ಪುಹಲಗೆ ಕಾಣುವುದಿಲ್ಲ. ಬಾಣಸವಾಡಿಯ ಒಂದು ಪ್ರೌಢಶಾಲೆಗೆ ಅಭ್ಯಾಸ ಬೋಧನೆಯ ಮೇಲ್ವಿಚಾರಕಿಯಾಗಿ ಹೋಗುವ ನಾನು, ಎರಡು ಮೊಬೈಲುಗಳ ಚಿತ್ರವನ್ನು ಒಂದೇ ಧ್ವನಿಯ ಮೇಲೆ ಜೋಡಿಸುವ ಕ್ರಮವನ್ನು ಪ್ರಶಿಕ್ಷಣಾರ್ಥಿಗಳಿಂದಲೇ ಮಾಡಿಸುತ್ತಿದ್ದೇನೆ. ಆ ಕ್ರಮವನ್ನೂ ಅದರ ಹಿಂದಿನ ಕಾರಣವನ್ನೂ ಇಲ್ಲಿ ವಿವರಿಸುತ್ತೇನೆ.

ಎರಡು ಕ್ಯಾಮೆರಾ ಏಕೆ?

ಅಣುಬೋಧನೆ 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಅವರ ಸಹೋದ್ಯೋಗಿಗಳ ಕೈಯಲ್ಲಿ ರೂಪುಗೊಂಡಿತು. ವಿಡಿಯೋ ಯಂತ್ರದ ನೆರವು ಅದರ ಬಲವಾಗಿತ್ತು. ನಮ್ಮ ದೇಶದ ಕಾಲೇಜುಗಳಲ್ಲಿ ಆ ಯಂತ್ರ ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಭಾರತೀಯ ಮಾದರಿಯ 36 ನಿಮಿಷಗಳ ಚಕ್ರದಲ್ಲಿ (ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6) ಕ್ಯಾಮೆರಾದ ಕೆಲಸವನ್ನು ವೀಕ್ಷಕರಾಗಿ ಕುಳಿತ ಸಹಪಾಠಿಗಳೇ ಮಾಡುತ್ತ ಬಂದರು.

ಒಂದು ಕ್ಯಾಮೆರಾದ ಮಿತಿಯನ್ನು ದೊಡ್ಡ ಅಧ್ಯಯನಗಳೂ ಕಂಡುಕೊಂಡಿವೆ. ಟಿಮ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಅಂಗವಾಗಿ 1995ರಲ್ಲಿ ಜರ್ಮನಿ, ಜಪಾನ್ ಮತ್ತು ಅಮೆರಿಕಗಳ 231 ಗಣಿತ ಪಾಠಗಳನ್ನು ಚಿತ್ರೀಕರಿಸಿದಾಗ ತರಗತಿಗೆ ಒಂದೇ ಕ್ಯಾಮೆರಾ ಬಳಸಲಾಗಿತ್ತು. 1999ರ ಮುಂದಿನ ಸುತ್ತಿನಲ್ಲಿ ಎರಡು ಬಂದವು: ಒಂದು ಶಿಕ್ಷಕರನ್ನು ಹಿಂಬಾಲಿಸಿತು, ಇನ್ನೊಂದು ಮಕ್ಕಳ ಕಡೆಗೆ ನಿಂತಿತು.

ಧ್ವನಿ ಒಂದೇ ಏಕೆ?

ಎರಡು ಮೊಬೈಲುಗಳಲ್ಲಿಯೂ ಧ್ವನಿ ದಾಖಲಾಗಿರುತ್ತದೆ. ಚಿತ್ರ ಬದಲಾದಂತೆ ಧ್ವನಿಯನ್ನೂ ಬದಲಿಸಬಹುದಲ್ಲ ಎಂದು ಪ್ರತಿ ತಂಡದಲ್ಲೂ ಯಾರಾದರೂ ಕೇಳುತ್ತಾರೆ. ಬದಲಿಸಿ ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಬಾಣಸವಾಡಿಯಲ್ಲಿ ಹೊರವರ್ತುಲ ರಸ್ತೆಯ ವಾಹನಗಳ ಸದ್ದು, ರೈಲಿನ ಸೀಟಿ, ತಲೆಯ ಮೇಲಿನ ಫ್ಯಾನು ಎಲ್ಲವೂ ಪಾಠದೊಂದಿಗೆ ದಾಖಲಾಗುತ್ತವೆ. ಕಿಟಕಿಯ ಪಕ್ಕದ ಮೊಬೈಲಿಗೆ ರಸ್ತೆ ಜೋರು, ಹಿಂಬದಿಯ ಮೊಬೈಲಿಗೆ ಫ್ಯಾನು ಜೋರು. ಚಿತ್ರದ ಜೊತೆಗೆ ಧ್ವನಿಯೂ ಬದಲಾದರೆ ಪ್ರತಿ ಬಾರಿಯೂ ಕೋಣೆಯೇ ಬದಲಾದಂತೆ ಕೇಳಿಸುತ್ತದೆ. ಎರಡನ್ನೂ ಒಟ್ಟಿಗೆ ತೆರೆದಿಟ್ಟರೆ ಮಾತು ಡಬ್ಬದೊಳಗಿಂದ ಬಂದಂತಾಗುತ್ತದೆ. ಒಂದೇ ಧ್ವನಿ ಮೊದಲಿಂದ ಕೊನೆಯವರೆಗೆ ಹರಿದರೆ ರೈಲು ಬಂದು ಹೋಗುವುದು ಸಹಜವಾಗಿರುತ್ತದೆ; ನೋಡುಗರು ಅದನ್ನು ಮರೆತು ಪಾಠ ಕೇಳುತ್ತಾರೆ.

ಆದರೆ ಶಿಕ್ಷಣ ಕಾಲೇಜಿನವರಿಗೆ ಇದಕ್ಕಿಂತ ಮುಖ್ಯವಾದ ಕಾರಣ ಬೇರೊಂದಿದೆ. ಪಾಠದ ಸಮಯವನ್ನು ಹಿಡಿದಿಡುವುದು ಧ್ವನಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರ ಬಾರದ ಸಂದರ್ಭ ಕಡಿಮೆಯಾಗುತ್ತದೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಫ್ಲಾಂಡರ್ಸ್ ಅವರ ಅಂತರಕ್ರಿಯಾ ವಿಶ್ಲೇಷಣೆಯಲ್ಲಿ ಪ್ರತಿ ಮೂರು ಸೆಕೆಂಡಿಗೊಂದು ಸಂಕೇತ ಬರೆಯುತ್ತೇವೆ. ಹತ್ತು ವರ್ಗಗಳಲ್ಲಿ ಕೊನೆಯದು ಮೌನ ಅಥವಾ ಗೊಂದಲ. ಅಂದರೆ ಮೌನವೂ ನಮಗೆ ದತ್ತಾಂಶವೇ. ವಿಡಿಯೋ ಚುರುಕಾಗಿರಲೆಂದು ಹದಿನೈದು ಸೆಕೆಂಡು ಮೌನವನ್ನು ಕತ್ತರಿಸಿದರೆ ಐದು ಸಂಕೇತಗಳು ಅಳಿಸಿಹೋಗುತ್ತವೆ. ಕಾಯದ ಶಿಕ್ಷಕರೂ ಕಾದ ಶಿಕ್ಷಕರೂ ಒಂದೇ ಆಗಿ ಕಾಣುತ್ತಾರೆ. ಆದ್ದರಿಂದ ನಮ್ಮ ನಿಯಮ ಇಷ್ಟೇ: ಚಿತ್ರವನ್ನು ಎಷ್ಟು ಬಾರಿಯಾದರೂ ಬದಲಿಸಿ, ಧ್ವನಿಗೆ ಕತ್ತರಿ ಹಾಕಬೇಡಿ.

ತರಗತಿಯಲ್ಲಿ ಸಿದ್ಧತೆ

ಎರಡು ಮೊಬೈಲುಗಳನ್ನೂ ಒಂದೇ ಗೋಡೆಯ ಉದ್ದಕ್ಕೆ, ಕಿಟಕಿಗಳಿರುವ ಕಡೆ ನಿಲ್ಲಿಸಿ. ಹಿಂದಿನ ಬೆಂಚಿನ ಬಳಿಯದು ಶಿಕ್ಷಕರನ್ನೂ ಹಲಗೆಯನ್ನೂ ನೋಡಲಿ, ಮುಂದಿನ ಮೂಲೆಯದು ಮಕ್ಕಳನ್ನು ನೋಡಲಿ. ಹೀಗೆ ಮಾಡಿದರೆ ಬೆಳಕು ಎದುರಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಇನ್ನೂ ಒಂದು ಲಾಭವಿದೆ. ಶಿಕ್ಷಕರಿಂದ ಮಕ್ಕಳ ಕಡೆಗೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಕ್ಯಾಮೆರಾಗಳೆರಡೂ ಆ ಗೆರೆಯ ಒಂದೇ ಬದಿಗಿದ್ದರೆ, ಪರದೆಯಲ್ಲಿ ಶಿಕ್ಷಕರು ಎಡಕ್ಕೆ ನೋಡುವಾಗ ಮಕ್ಕಳು ಬಲಕ್ಕೆ ನೋಡುತ್ತಾರೆ. ಪರಸ್ಪರ ಮಾತನಾಡುತ್ತಿದ್ದಾರೆ ಎನ್ನುವುದು ತಿಳಿಯುತ್ತದೆ. ಎದುರುಬದುರು ಗೋಡೆಗಳಲ್ಲಿಟ್ಟರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುವಂತಾಗಿ ಸಂಭಾಷಣೆ ಕೆಡುತ್ತದೆ.

ಎರಡರಲ್ಲೂ ಫ್ರೇಮುಗಳ ವೇಗ ಒಂದೇ ಇರಲಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ಓಡುವುದಿಲ್ಲ. ಮೊಬೈಲಿನಲ್ಲಿ 30 ಮಾತ್ರ ಇದ್ದರೆ ಎರಡರಲ್ಲೂ 30 ಇಟ್ಟು, ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಿ.

ಧ್ವನಿಗೆ ಮೂರನೆಯ ಮೊಬೈಲು ಬೇಕು. ಶಿಕ್ಷಕರ ಕೊರಳಿನ ಮೈಕು ಶಿಕ್ಷಕರನ್ನೇ ಕೇಳಿಸುತ್ತದೆ. ಮಕ್ಕಳ ಮಾತು ದೂರದ ಪಿಸುಮಾತಾಗುತ್ತದೆ. ನಾವು ಮೊಬೈಲನ್ನು ಎರಡನೆಯ ಸಾಲಿನ ನಡುವಿನ ಬೆಂಚಿನ ಮೇಲೆ, ಫ್ಯಾನಿನ ನೇರ ಕೆಳಗೆ ಬಾರದಂತೆ, ಮಡಚಿದ ಟವೆಲಿನ ಮೇಲೆ ಇಡುತ್ತೇವೆ. ಟವೆಲಿದ್ದರೆ ಬೆಂಚು ತಟ್ಟಿದ ಸದ್ದು ಏರುವುದಿಲ್ಲ. ಮೂರೂ ಮೊಬೈಲುಗಳನ್ನು ಏರೋಪ್ಲೇನ್ ಮೋಡಿನಲ್ಲಿಡಿ. ನಡುವೆ ಕರೆ ಬಂದು ದಾಖಲೆ ನಿಲ್ಲಬಾರದು. ಮೆಮೊರಿಯಲ್ಲಿ ಜಾಗವಿದೆಯೇ ಎಂದೂ ನೋಡಿಕೊಳ್ಳಿ: ಸೆಕೆಂಡಿಗೆ 17 ಮೆಗಾಬಿಟ್ ವೇಗದಲ್ಲಿ 40 ನಿಮಿಷದ ಪಾಠಕ್ಕೆ ಸುಮಾರು 5 ಜಿಬಿ ಬೇಕು.

ಮೂರನ್ನೂ ಚಾಲೂ ಮಾಡಿದ ಮೇಲೆ ಎರಡು ಕ್ಯಾಮೆರಾಗಳಿಗೂ ಕಾಣುವ ಕಡೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಪಾಠ ಮುಗಿದ ಮೇಲೆ, ಏನನ್ನೂ ನಿಲ್ಲಿಸುವ ಮೊದಲು, ಇನ್ನೊಮ್ಮೆ ತಟ್ಟಿ. ಸಿನಿಮಾದವರ ಕ್ಲಾಪ್ ಬೋರ್ಡಿನ ಕೆಲಸವೂ ಇದೇ.

ಜೋಡಿಸುವ ಹಂತಗಳು

ಕೆಡೆನ್‌ಲೈವ್ ಎಂಬ ಉಚಿತ ಮುಕ್ತ ತಂತ್ರಾಂಶ ನಮ್ಮ ಕೆಲಸಕ್ಕೆ ಸಾಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಮಾಡಬಹುದು.

ಮೊದಲ ಹಂತ: ಮಂದ ಬೆಳಕಿನಲ್ಲಿ ಮೊಬೈಲು ಫ್ರೇಮಿನ ವೇಗವನ್ನು ತಾನೇ ಏರಿಳಿಸುವುದುಂಟು. ಅಂಥ ಕಡತವನ್ನು ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ವೇಗಕ್ಕೆ ಪರಿವರ್ತಿಸಿಕೊಳ್ಳಿ.

ಎರಡನೆಯ ಹಂತ: ಟೈಮ್‌ಲೈನಿನ ತಳದಲ್ಲಿ ಮೂರನೆಯ ಮೊಬೈಲಿನ ಧ್ವನಿಯನ್ನು ಹಾಸಿ, ಅದರ ಟ್ರ್ಯಾಕಿಗೆ ಬೀಗ ಹಾಕಿ. ಮೇಲೆ ಎರಡು ಚಿತ್ರಗಳನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿಡಿ.

ಮೂರನೆಯ ಹಂತ: ಧ್ವನಿಯ ಅಲೆಗಳಲ್ಲಿ ಚಪ್ಪಾಳೆ ಚೂಪಾದ ಮುಳ್ಳಿನಂತೆ ಕಾಣುತ್ತದೆ. ಎರಡೂ ಚಿತ್ರಗಳ ಮುಳ್ಳನ್ನು ತಳದ ಧ್ವನಿಯ ಮುಳ್ಳಿಗೆ ನೇರ ಮಾಡಿ. ಇದನ್ನು ಧ್ವನಿ ಹೋಲಿಸಿ ತಾನೇ ಮಾಡುವ ಸೌಲಭ್ಯ ಎರಡೂ ತಂತ್ರಾಂಶಗಳಲ್ಲಿದೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುವುದರಿಂದ ಏಳು ಮೀಟರ್ ದೂರದ ಮೊಬೈಲಿಗೆ ಅದು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಇದು ಒಂದು ಫ್ರೇಮಿಗಿಂತ ಕಡಿಮೆ, ಚಿಂತಿಸಬೇಕಿಲ್ಲ. ನೇರವಾದ ಮೇಲೆ ಎರಡು ಕ್ಯಾಮೆರಾಗಳ ಸ್ವಂತ ಧ್ವನಿಯನ್ನು ಮುಚ್ಚಿ.

ನಾಲ್ಕನೆಯ ಹಂತ: ಕೊನೆಯ ಚಪ್ಪಾಳೆಗೆ ಹೋಗಿ ನೋಡಿ. ಎಲ್ಲ ಮೊಬೈಲುಗಳ ಗಡಿಯಾರ ಒಂದೇ ಸಮ ಓಡುವುದಿಲ್ಲ. ಲಕ್ಷಕ್ಕೆ ಐದರಷ್ಟು ವ್ಯತ್ಯಾಸವಿದ್ದರೂ 40 ನಿಮಿಷಕ್ಕೆ, ಅಂದರೆ 2,400 ಸೆಕೆಂಡಿಗೆ, 0.12 ಸೆಕೆಂಡು ಜಾರುತ್ತದೆ. 25 ಫ್ರೇಮಿನ ಲೆಕ್ಕದಲ್ಲಿ ಮೂರು ಫ್ರೇಮು. ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಲು ಇಷ್ಟು ಸಾಕು. ಹೀಗಾದಾಗ ಧ್ವನಿಯನ್ನು ಎಳೆಯಬೇಡಿ, ಕುಗ್ಗಿಸಬೇಡಿ. ಚಿತ್ರ ಬದಲಾಗುವ ಜಾಗದಲ್ಲಿ ಮುಂದಿನ ತುಣುಕನ್ನು ಒಂದು ಫ್ರೇಮು ಸರಿಸಿ. ಆ ಸರಿತ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಾವ ಚಿತ್ರ, ಯಾವಾಗ?

ಇಲ್ಲಿಯವರೆಗಿನದು ಕೈಕೆಲಸ. ಇಲ್ಲಿಂದ ಮುಂದಿನದು ಶಿಕ್ಷಕರ ವಿವೇಚನೆ. ವಿವರಣೆ ಮತ್ತು ಹಲಗೆಯ ಬರಹ ನಡೆಯುವಾಗ ಶಿಕ್ಷಕರ ಚಿತ್ರವಿರಲಿ. ಪ್ರಶ್ನೆಯ ಕೊನೆಯ ಪದ ಮುಗಿಯುತ್ತಿದ್ದಂತೆ ಮಕ್ಕಳ ಚಿತ್ರಕ್ಕೆ ಹೋಗಿ, ಉತ್ತರ ಬರುವವರೆಗೂ ಅಲ್ಲೇ ನಿಲ್ಲಿ. ಉತ್ತರಕ್ಕೆ ಶಿಕ್ಷಕರು ಏನು ಮಾಡಿದರು ಎನ್ನುವುದಕ್ಕೆ ಮತ್ತೆ ಶಿಕ್ಷಕರ ಚಿತ್ರ. ಪುನರ್ಬಲನ ಕೌಶಲವನ್ನು ಅಳೆಯುವುದು ಅಲ್ಲಿಯೇ.

ಈ ಕ್ರಮದ ಬೆಲೆ ನನಗೆ ತಿಳಿದದ್ದು ಎಂಟನೆಯ ತರಗತಿಯ ವಿಜ್ಞಾನದ ಪಾಠವೊಂದರಲ್ಲಿ. ವಿಷಯ ಘರ್ಷಣೆ. ಒದ್ದೆ ನೆಲದ ಮೇಲೆ ಕಾಲು ಏಕೆ ಜಾರುತ್ತದೆ ಎಂದು ಪ್ರಶಿಕ್ಷಣಾರ್ಥಿ ಕೇಳಿದಳು. ಉತ್ತರ ಬರಲಿಲ್ಲ, ಅವಳೇ ಹೇಳಿ ಮುಂದೆ ಹೋದಳು. ಹಿಂದೆ ಕುಳಿತಿದ್ದ ಇಬ್ಬರು ವೀಕ್ಷಕರೂ "ವಿದ್ಯಾರ್ಥಿಗಳಿಂದ ಪ್ರತಿಕ್ರಿಯೆ ಇಲ್ಲ" ಎಂದು ಬರೆದರು. ಹಿಂದಿನ ಕ್ಯಾಮೆರಾದ ಚಿತ್ರವೂ ಅದನ್ನೇ ಹೇಳುತ್ತಿತ್ತು. ಮಕ್ಕಳ ಕಡೆಯ ಚಿತ್ರವನ್ನು ಧ್ವನಿಗೆ ಜೋಡಿಸಿದಾಗ ಬೇರೆಯದೇ ಕಂಡಿತು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಕೈಯನ್ನು ಅರ್ಧಕ್ಕೆ ಎತ್ತಿ, ಪಕ್ಕದವಳ ಕಡೆ ತಿರುಗಿ, "ತಣ್ಣಿ ಇರುಂದಾ ವಳುಕ್ಕುಂ" ಎಂದು ತಮಿಳಿನಲ್ಲಿ ಹೇಳಿದ್ದಳು. ನೀರಿದ್ದರೆ ಜಾರುತ್ತದೆ ಎಂದು ಅರ್ಥ. ಪೂರ್ಣ ಉತ್ತರವಲ್ಲ, ಆದರೆ ಘರ್ಷಣೆ ಕಡಿಮೆಯಾಗುವುದಕ್ಕೆ ಅಲ್ಲಿಂದ ಒಂದೇ ಹೆಜ್ಜೆ. ಕನ್ನಡ ಪದ ಹುಡುಕಲು ಅವಳಿಗೆ ಇನ್ನೆರಡು ಸೆಕೆಂಡು ಬೇಕಿತ್ತು. ಪ್ರಶಿಕ್ಷಣಾರ್ಥಿ ಕಾದಿದ್ದು ಒಂದು ಸೆಕೆಂಡು ಚಿಲ್ಲರೆ, ಟೈಮ್‌ಲೈನಿನಲ್ಲಿ ಅಳೆದೆವು.

ವಿಡಿಯೋ ನೋಡಿದ ಪ್ರಶಿಕ್ಷಣಾರ್ಥಿ, "ಮೇಡಂ, ಅವಳು ಮಾತಾಡೋದೇ ಇಲ್ಲ ಅಂದ್ಕೊಂಡಿದ್ದೆ" ಎಂದಳು. ಮರುಬೋಧನೆಯಲ್ಲಿ ನಾನು ಅವಳಿಗೆ ಕೊಟ್ಟ ಕೆಲಸ ಒಂದೇ: ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಮೂರು ಎಣಿಸುವುದು, ಉತ್ತರ ಯಾವ ಭಾಷೆಯಲ್ಲಿ ಬಂದರೂ ಮೊದಲು ಸ್ವೀಕರಿಸಿ ಆಮೇಲೆ ಕನ್ನಡಕ್ಕೆ ತರುವುದು. ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರಗಳ ಕಡೆಯ ತರಗತಿಗಳಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಆಗಿರುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಮೌನವನ್ನು ಕತ್ತರಿಸಿದ ವಿಡಿಯೋದಲ್ಲಿ ಈ ಮಕ್ಕಳ ಉತ್ತರವೂ ಕತ್ತರಿಸಿ ಹೋಗುತ್ತದೆ. ವೀಕ್ಷಣಾ ಪತ್ರದಲ್ಲಿ ಅವರು "ಪ್ರತಿಕ್ರಿಯೆ ಇಲ್ಲ" ಎಂದೇ ಉಳಿಯುತ್ತಾರೆ.

ಒಪ್ಪಿಗೆ ಮತ್ತು ಬಳಕೆ

ಚಿತ್ರದಲ್ಲಿರುವವರು ಮಕ್ಕಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಮುಖ್ಯೋಪಾಧ್ಯಾಯರ ಅನುಮತಿಯ ಜೊತೆಗೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಪತ್ರವನ್ನು ಅವರು ಓದಬಲ್ಲ ಭಾಷೆಯಲ್ಲಿ ಕೊಡಿ. ಒಪ್ಪದ ಪೋಷಕರ ಮಕ್ಕಳನ್ನು ಕ್ಯಾಮೆರಾದ ಚೌಕಟ್ಟಿನ ಹೊರಗಿನ ಬೆಂಚಿನಲ್ಲಿ ಕೂರಿಸಿ. ಅವರು ಪಾಠ ತಪ್ಪಿಸಿಕೊಳ್ಳಬಾರದು. ವಿಡಿಯೋ ಕಾಲೇಜಿನ ಕಂಪ್ಯೂಟರಿನಲ್ಲೇ ಇರಲಿ. ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ.

ಕೊನೆಯದಾಗಿ ಶಿಕ್ಷಕ-ಶಿಕ್ಷಕರಲ್ಲಿ ಒಂದು ಸಲಹೆ. ಜೋಡಿಸುವ ಕೆಲಸವನ್ನು ಕಂಪ್ಯೂಟರ್ ಬಲ್ಲ ಬೇರೆಯವರಿಗೆ ಒಪ್ಪಿಸಬೇಡಿ. ಪಾಠ ಮಾಡಿದವರೇ ಮಾಡಲಿ. ಒಂದು ಚಿತ್ರ ಆರಿಸಲು ಅವರು ತಮ್ಮ ಪಾಠವನ್ನು ಶಿಕ್ಷಕರ ಕಡೆಯಿಂದ ಒಮ್ಮೆ, ಮಕ್ಕಳ ಕಡೆಯಿಂದ ಒಮ್ಮೆ, ಧ್ವನಿಯನ್ನಷ್ಟೇ ಕೇಳುತ್ತ ಇನ್ನೊಮ್ಮೆ ನೋಡಬೇಕಾಗುತ್ತದೆ. ಆ ಮೂರು ಸುತ್ತು ಮುಗಿಸಿದ ಪ್ರಶಿಕ್ಷಣಾರ್ಥಿಗೆ ನಾನು ಹೇಳಬೇಕಾದದ್ದರಲ್ಲಿ ಅರ್ಧದಷ್ಟು ಮೊದಲೇ ಗೊತ್ತಾಗಿರುತ್ತದೆ. ಉಳಿದ ಅರ್ಧವನ್ನು ಕುಳಿತು ಚರ್ಚಿಸಲು ನಮಗೆ ಸಮಯ ಸಿಗುತ್ತದೆ.