ಬಿಡಾರದ ವಿಚಾರ

ಯಾತ್ರೆಯ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಮೊದಲು ವಿಚಾರಕ್ಕೆ ಬರುವುದು ದೇವರ ದರ್ಶನ, ಎರಡನೆಯದು ಬುತ್ತಿ, ಮೂರನೆಯದು ಹೋಗಿಬರುವ ವಾಹನ. ರಾತ್ರಿ ಎಲ್ಲಿ ತಂಗಬೇಕೆಂಬ ವಿಚಾರವು ಎಲ್ಲಕ್ಕೂ ಕಡೆಗೆ ಬರುವುದು, ಅಥವಾ ಬಾರದೆಯೇ ಹೋಗುವುದು. “ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು” ಎಂಬ ಒಂದು ಮಾತಿನಲ್ಲಿ ಅದು ತೀರಿಹೋಗುವುದುಂಟು. ಒಬ್ಬಂಟಿಗನಾದ ತರುಣನಿಗೆ ಈ ಮಾತು ಒಪ್ಪಬಹುದು. ಆದರೆ ವಯಸ್ಸಾದ ತಾಯಿ, ಎಳೆಯ ಮಕ್ಕಳು, ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳು, ಇವರನ್ನು ಕಟ್ಟಿಕೊಂಡು ಹೊರಟ ಸಂಸಾರವಂದಿಗನು ರಾತ್ರಿ ಒಂಬತ್ತು ಗಂಟೆಯಲ್ಲಿ ಪರಸ್ಥಳದ ಬಸ್ಸು ನಿಲ್ದಾಣದಲ್ಲಿ ಗಂಟುಮೂಟೆಗಳೊಡನೆ ನಿಂತನೆಂದರೆ, ಯಾರು ಕೈದೋರಿದ ಕಡೆಗಾದರೂ ನಡೆಯಲು ಅವನು ಸಿದ್ಧನಾಗಿರುತ್ತಾನೆ. ವಂಚಕನು ಕಾದಿರುವುದು ಆ ಗಳಿಗೆಗಾಗಿಯೇ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಒಂದಕ್ಕೊಂದು ಹೊಂದಿಕೊಂಡಿರುವ ಈ ಸೀಮೆಯಲ್ಲಿ ನೋಡತಕ್ಕ ಸ್ಥಳಗಳು ಎಷ್ಟೋ ಇವೆ. ರಂಗನಾಥಸ್ವಾಮಿಯ ದೇವಾಲಯ, ಗಂಜಾಮಿನ ನಿಮಿಷಾಂಬಾ ಸನ್ನಿಧಿ, 1784 ರ ದರಿಯಾ ದೌಲತ್, ರಂಗನತಿಟ್ಟಿನ ಪಕ್ಷಿಗಳು, ಕನ್ನಂಬಾಡಿಯ ಕಟ್ಟೆ. ಪಾಂಡವಪುರದ ಕಡೆ ಮೇಲುಕೋಟೆ ಮತ್ತು ತೊಣ್ಣೂರು ಕೆರೆ. ಕೃಷ್ಣರಾಜಪೇಟೆಯ ಕಡೆ ಹೊಸಹೊಳಲು ಮತ್ತು ಕಿಕ್ಕೇರಿಗಳ ಹೊಯ್ಸಳ ದೇವಾಲಯಗಳು. ನಾಗಮಂಗಲದ ಕಡೆ ಸೌಮ್ಯಕೇಶವ, ಕಂಬದಹಳ್ಳಿಯ ಬಸದಿ, ಆದಿಚುಂಚನಗಿರಿ. ನೋಡಲು ಬರುವ ಜನ ಬಹಳ. ಆದರೆ ಇವು ಚಿಕ್ಕ ಊರುಗಳಾದುದರಿಂದ ತಂಗುವ ಮನೆಗಳು ಮಿತ. ಬೇಡಿಕೆ ಹೆಚ್ಚಿ ಸ್ಥಳ ಕಡಮೆಯಾದ ಕಡೆಯಲ್ಲಿ ಮೋಸಕ್ಕೆ ಎಡೆಯುಂಟಾಗುವುದು ಸಹಜವಷ್ಟೆ.

ದಾರಿಗರನ್ನು ವಂಚಿಸುವ ಕಸುಬು ಈ ನಾಡಿಗೆ ಹೊಸದಲ್ಲ. ಶ್ರೀರಂಗಪಟ್ಟಣವು 1799 ರಲ್ಲಿ ಇಂಗ್ಲಿಷರ ಕೈಸೇರಿದ ತರುವಾಯ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಮಂದಿ ಫಾಂಸಿಗಾರರು ಸೆರೆಸಿಕ್ಕರೆಂದು ಚರಿತ್ರೆ ಹೇಳುತ್ತದೆ. ಉತ್ತರದಲ್ಲಿ ಠಕ್ಕರೆಂದು ಹೆಸರಾದವರ ಪಂಗಡದವರೇ ಇವರು. ಇವರು ದಾರಿಗಡ್ಡವಾಗಿ ಬಂದು ಬೀಳುವ ಕಳ್ಳರಾಗಿರಲಿಲ್ಲ. ಸಹಯಾತ್ರಿಕರ ವೇಷದಲ್ಲಿ ಬಂದು ಕುಶಲ ವಿಚಾರಿಸುವರು, ಜೊತೆಯಲ್ಲಿ ನಡೆಯುವರು, ಒಂದೇ ಎಡೆಯಲ್ಲಿ ಇಳಿದುಕೊಳ್ಳುವರು. ನಂಬುಗೆ ಬಲಿತ ಮೇಲೆ ಕೊರಳಿಗೆ ಉರುಲು ಹಾಕುವರು. ಇಂದಿನ ಠಕ್ಕನ ಕೈಯಲ್ಲಿ ಉರುಲಿಲ್ಲ, ಮೊಬೈಲು ಫೋನಿದೆ. ಆದರೆ ಕ್ರಮ ಅದೇ: ಮೊದಲು ಉಪಕಾರ, ಆಮೇಲೆ ಅವಸರ, ಕಡೆಗೆ ಅಪಹಾರ. ಕೇಳದೆ ಬಂದ ಉಪಕಾರದ ಬೆನ್ನಿಗೇ ಅವಸರದ ಮಾತು ಹೊರಟಿತೆಂದರೆ ಎಚ್ಚರಗೊಳ್ಳತಕ್ಕದ್ದು. ನಾವು ಹೇಳಬೇಕೆಂದಿರುವುದರ ಸಾರವೆಲ್ಲ ಇಷ್ಟೆ: ಆತುರವೇ ಠಕ್ಕನ ಬಂಡವಾಳ, ಅದನ್ನು ಅವನಿಗೆ ಒದಗಿಸದಿರುವುದೇ ಯಾತ್ರಿಕನ ರಕ್ಷೆ.

ಆತುರವನ್ನು ಕಳೆಯುವ ಮೊದಲನೆಯ ಉಪಾಯವು ಬಿಡಾರದ ಊರನ್ನು ಮನೆಯಲ್ಲಿಯೇ ನಿಶ್ಚಯಿಸುವುದು. ಶ್ರೀರಂಗಪಟ್ಟಣವು ಮೈಸೂರಿನಿಂದ ಸುಮಾರು 15 ಕಿಲೋಮೀಟರು. ಪಾಂಡವಪುರವು ಅಲ್ಲಿಂದ ತುಸು ಮುಂದೆ. ಆದಕಾರಣ ಇವೆರಡನ್ನೂ ನೋಡುವವರು ಮೈಸೂರಿನಲ್ಲಿ ಇಳಿದುಕೊಂಡು ಹಗಲಿನಲ್ಲಿ ಹೋಗಿಬರಬಹುದು. ನಗರದಲ್ಲಿ ವಸತಿಗೃಹಗಳು ಹೆಚ್ಚಾದುದರಿಂದ ಒಂದು ಒಪ್ಪದಿದ್ದರೆ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯವಿರುತ್ತದೆ. ದಸರೆಯ ದಿನಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುವುದು; ಆಗ ಬಾಡಿಗೆ ಏರುತ್ತದೆ, ಕೋಣೆಗಳು ವಾರಗಳ ಮುಂಚೆಯೇ ತುಂಬುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರಗಳೆರಡೂ ಬೆಂಗಳೂರು–ಮೈಸೂರು ರೈಲುದಾರಿಯ ಮೇಲಿದ್ದರೂ ಪಾಂಡವಪುರದ ನಿಲ್ದಾಣಕ್ಕೂ ಊರಿಗೂ ಅಂತರವುಂಟೆಂಬುದನ್ನು, ರಾತ್ರಿಯ ಗಾಡಿಯಲ್ಲಿ ಇಳಿಯುವವರು ಮರೆಯಬಾರದು.

ಮೇಲುಕೋಟೆಯಲ್ಲಿ ಬಗೆಬಗೆಯ ಛತ್ರಗಳೂ ಮಠಗಳೂ ಇವೆ. ಅವುಗಳಲ್ಲಿ ಹಲವು ಆಯಾ ಸಮುದಾಯದವರ ಆಡಳಿತಕ್ಕೆ ಸೇರಿದವು. ಪರಿಚಯದ ಮೂಲಕ ಮೊದಲೇ ಪತ್ರವನ್ನೋ ಫೋನನ್ನೋ ಮಾಡಿ ಅನುಮತಿ ಪಡೆಯುವುದು ಲೇಸು. ಮಾರ್ಚ್–ಏಪ್ರಿಲ್ ಸುಮಾರಿಗೆ ಬರುವ ವೈರಮುಡಿಯ ಉತ್ಸವ ನಡೆಯುವುದೇ ರಾತ್ರಿಯಲ್ಲಿ. ಆ ರಾತ್ರಿ ಬೆಟ್ಟದ ಮೇಲೆ ಕೋಣೆ ಸಿಕ್ಕೀತೆಂದು ಹೊರಡುವುದು ಸಲ್ಲದು. ಬಿಡಾರ ಗೊತ್ತಾಗದವರು ಉತ್ಸವ ಮುಗಿದೊಡನೆ ಹಿಂದಿರುಗಲು ವಾಹನವನ್ನು ಗೊತ್ತುಮಾಡಿಕೊಂಡೇ ಹೋಗಬೇಕು. ಆದಿಚುಂಚನಗಿರಿಯಲ್ಲಿ ಅಮಾವಾಸ್ಯೆಯ ದಿನಗಳಲ್ಲಿಯೂ ಜಾತ್ರೆಯಲ್ಲಿಯೂ ಜನಸಂದಣಿ ಬಹಳ. ಅಲ್ಲಿ ತಂಗಲಿಚ್ಛಿಸುವವರು ಕ್ಷೇತ್ರದ ಕಚೇರಿಯನ್ನೇ ನೇರವಾಗಿ ವಿಚಾರಿಸುವುದು ಕ್ಷೇಮ. ಕೃಷ್ಣರಾಜಪೇಟೆ, ನಾಗಮಂಗಲಗಳ ಊರೊಳಗೆ ರೈಲಿಲ್ಲ. ಸಂಜೆಯಾದ ಮೇಲೆ ಹಳ್ಳಿಗಳ ಕಡೆಯ ಬಸ್ಸುಗಳೂ ವಿರಳವಾಗುವುವು. ಹೊಸಹೊಳಲು, ಕಿಕ್ಕೇರಿ, ಕಂಬದಹಳ್ಳಿಗಳನ್ನು ನೋಡುವವರು ಬೆಳಗ್ಗೆ ಮುಂಚೆ ಹೊರಟು, ದೀಪ ಹಚ್ಚುವ ಹೊತ್ತಿಗೆ ತಮ್ಮ ಬಿಡಾರವನ್ನು ಸೇರುವಂತೆ ದಿನವನ್ನು ಹವಣಿಸಿಕೊಳ್ಳಬೇಕು.

ಎರಡನೆಯದು ಮುಂಗಡದ ವಿಚಾರ. ಹಿಂದೆ ಛತ್ರದ ಪಾರುಪತ್ಯಗಾರನು ಕಣ್ಣೆದುರಿಗೆ ಇರುತ್ತಿದ್ದನು; ಅವನ ಮುಖ ನೋಡಿ ಯಾತ್ರಿಕನು ಗಂಟನ್ನಿಳಿಸುತ್ತಿದ್ದನು. ಈಗ ಕೋಣೆಯನ್ನು ಗೊತ್ತುಮಾಡುವುದು ನೂರಾರು ಮೈಲಿ ದೂರದಿಂದ, ಕಾಣದವನೊಡನೆ. ಈ ಕಾಣದಿರುವಿಕೆಯಲ್ಲಿಯೇ ಮೋಸ ಹುಟ್ಟುವುದು. ಹೆಸರಾದ ಕ್ಷೇತ್ರಗಳ ಯಾತ್ರಿನಿವಾಸಗಳ ಹೆಸರಿನಲ್ಲಿ ಸುಳ್ಳು ಜಾಲತಾಣಗಳನ್ನು ತೆರೆದು, ಅಂದವಾದ ಚಿತ್ರಗಳನ್ನು ಹಾಕಿ, ಪೂರ್ತಿ ಹಣವನ್ನು ಮುಂಗಡವಾಗಿ ಸೆಳೆದುಕೊಂಡು ಮಾಯವಾಗುವ ತಂಡಗಳಿವೆ. ಯಾತ್ರಿಕರನ್ನೇ ಗುರಿಯಾಗಿಟ್ಟುಕೊಂಡ ಇಂಥ ವಂಚನೆಗಳ ಬಗ್ಗೆ ಕೇಂದ್ರ ಗೃಹಮಂತ್ರಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025 ರ ಏಪ್ರಿಲ್ ತಿಂಗಳಲ್ಲಿ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿತು.

ಇದಕ್ಕೆ ಪರಿಹಾರವೆಂದರೆ, ಕಾಣದವನನ್ನು ಕಾಣುವಂತೆ ಮಾಡಿಕೊಳ್ಳುವುದು. ಹುಡುಕಿದೊಡನೆ ಮೊದಲು ಕಣ್ಣಿಗೆ ಬೀಳುವ ಫೋನಿನ ಸಂಖ್ಯೆಯನ್ನು ನಂಬದೆ, ದೇವಾಲಯ, ಮಠ, ಇಲಾಖೆ ಅಥವಾ ಹೋಟೆಲಿನ ಸ್ವಂತ ತಾಣದಲ್ಲಿರುವ ಸಂಖ್ಯೆಯೊಡನೆ ಹೋಲಿಸಿ ನೋಡಬೇಕು. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ “ಮಯೂರ” ಹೋಟೆಲುಗಳನ್ನು ನಿಗಮದ ಮೂಲಕವೇ ಕಾದಿರಿಸಬೇಕು. ಫೋನಿನಲ್ಲಿ ಮಾತನಾಡುವಾಗ ಊರಿನ ಗುರುತುಗಳನ್ನು ಕೇಳಿ: ಬಸ್ಸು ನಿಲ್ದಾಣದಿಂದ ಯಾವ ಬೀದಿ, ಎದುರಿಗೇನಿದೆ, ದೇವಸ್ಥಾನಕ್ಕೆ ಎಷ್ಟು ನಡಿಗೆ? ಊರಿನಲ್ಲಿರುವವನು ತಡವರಿಸದೆ ಹೇಳುವನು. ಇಲ್ಲದವನು ಮಾತು ಮರೆಸಿ, “ಇನ್ನೊಂದೇ ಕೋಣೆ ಉಳಿದಿದೆ, ಕೂಡಲೆ ಹಣ ಕಳುಹಿಸಿ” ಎನ್ನುವನು. ಸಂಸ್ಥೆಯ ಹೆಸರು ಹೇಳಿ ಯಾರೋ ಒಬ್ಬ ವ್ಯಕ್ತಿಯ ಖಾತೆಗೆ ಹಣ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಬೇಕು. ಹಣ ಹಿಂದಕ್ಕೆ ಕೊಡುತ್ತೇವೆಂದು ಹೇಳಿ ಗುಪ್ತಸಂಖ್ಯೆಯನ್ನು ಒತ್ತಿಸುವುದು ಮತ್ತೊಂದು ತಂತ್ರ. ಹಣ ಪಡೆಯಲು ಗುಪ್ತಸಂಖ್ಯೆ ಬೇಕಿಲ್ಲ, ಕೊಡಲು ಮಾತ್ರ ಬೇಕು; ಈ ಒಂದು ಸೂತ್ರವನ್ನು ಮನೆಯ ಹಿರಿಯರಿಗೂ ಕಲಿಸಿರಬೇಕು.

ಬಾಡಿಗೆಯನ್ನು ತೆರಿಗೆ ಸಹಿತವಾಗಿ ಕೇಳಿಕೊಳ್ಳುವುದು ವಾಡಿಕೆಯಾಗಲಿ. ದಿನಕ್ಕೆ 7500 ರೂಪಾಯಿಗೆ ಮೀರದ ಕೋಣೆಗಳಿಗೆ 2025 ರ ಸೆಪ್ಟೆಂಬರ್ 22 ರಿಂದ ಜಿ.ಎಸ್.ಟಿ. ಶೇಕಡ 5 ಮಾತ್ರ. ಹೋಟೆಲುಗಳು ಬಿಲ್ಲಿನಲ್ಲಿ ತಾವಾಗಿಯೇ ಸೇವಾಶುಲ್ಕ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022 ರಲ್ಲಿ ನಿರ್ದೇಶಿಸಿತು. ದಿನವೆಂದರೆ 24 ಗಂಟೆಯೋ, ಮಧ್ಯಾಹ್ನದಿಂದ ಮಧ್ಯಾಹ್ನಕ್ಕೋ ಎಂಬುದನ್ನೂ ಆಗಲೇ ತಿಳಿದುಕೊಂಡರೆ ಹೊರಡುವಾಗ ಜಗಳಕ್ಕೆ ಕಾರಣವಿರದು.

ಊರು ಸೇರಿದಾಗ ಎದುರಾಗುವವನು ದಲ್ಲಾಳಿ. “ನೀವು ಹೇಳುವ ಲಾಡ್ಜು ಮುಚ್ಚಿಹೋಗಿದೆ, ಬನ್ನಿ, ಒಳ್ಳೆಯದನ್ನು ತೋರಿಸುತ್ತೇನೆ” ಎಂಬುದು ಅವನ ಹಳೆಯ ಪಲ್ಲವಿ. ಅವನ ಕಮಿಷನ್ನು ನಿಮ್ಮ ಬಾಡಿಗೆಯೊಳಗೇ ಅಡಗಿರುತ್ತದೆ. ಅವನೊಡನೆ ವಾದಿಸಬೇಕಾದುದಿಲ್ಲ; ಅವನೆದುರಿಗೇ ಆ ಲಾಡ್ಜಿಗೆ ಒಂದು ಸಲ ಫೋನು ಮಾಡಿದರೆ ಸಾಕು.

ಕೋಣೆಯನ್ನು ನೋಡಿದ ಹೊರತು ಪುಸ್ತಕದಲ್ಲಿ ರುಜು ಹಾಕಬಾರದು. ಬಾಗಿಲಿಗೆ ಒಳಗಿನಿಂದ ಗಟ್ಟಿಯಾದ ಅಗುಳಿ ಇದೆಯೆ? ಕಿಟಕಿಗಳು ಭದ್ರವಾಗಿ ಮುಚ್ಚುವುವೆ? ಬೆಂಕಿ ಬಿದ್ದರೆ ಇಳಿದು ಓಡಲು ಮೆಟ್ಟಲು ಯಾವ ಕಡೆ? ಹೆಂಗಸರು ತಂಗುವ ಕೋಣೆಯಾದರೆ ಕನ್ನಡಿ, ಗಡಿಯಾರ, ವಿದ್ಯುತ್ತಿನ ಸಾಕೆಟ್ಟು, ಬಚ್ಚಲಿನ ಗವಾಕ್ಷಿ ಇವುಗಳಲ್ಲಿ ಗುಪ್ತ ಕ್ಯಾಮರಾ ಅಡಗಿರಬಹುದೇ ಎಂದು ಪರೀಕ್ಷಿಸುವುದರಲ್ಲಿ ನಾಚಿಕೆಪಡಬೇಕಾದುದಿಲ್ಲ. ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರನ್ನು ಇಟ್ಟು, ಗಾಳಿಯಾಡಲು ಕಿಂಡಿಯಿಲ್ಲದಿದ್ದರೆ ಆ ಕೋಣೆಯನ್ನು ಒಪ್ಪಲೇ ಬೇಡಿ. ಅದರಿಂದ ಹೊರಡುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿಯುತ್ತಾರೆ. ನದೀತೀರದ ಊರುಗಳಲ್ಲಿ ಸೊಳ್ಳೆಪರದೆಯನ್ನೂ ಕೇಳಬೇಕು. ಜ್ವರದ ಬಾಧೆಯನ್ನು ತಾಳಲಾರದೆ ಇಂಗ್ಲಿಷರ ದಂಡೇ 1809 ರಲ್ಲಿ ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಹೋಯಿತೆಂಬುದನ್ನು ನೆನೆದರೆ, ಮಕ್ಕಳೊಡನೆ ಹೋಗುವವರಿಗೆ ಈ ಎಚ್ಚರ ಅತಿಯೆನಿಸದು.

ಗುರುತಿನ ಕಾಗದವನ್ನು ತೋರಿಸುವುದು ಸರಿಯೇ. ಆದರೆ ಆಧಾರಿನ ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕಡೆಯ ನಾಲ್ಕನ್ನು ಮಾತ್ರ ತೋರಿಸುವ ಪ್ರತಿಯೊಂದು ಪ್ರಾಧಿಕಾರದ ತಾಣದಲ್ಲಿಯೇ ಸಿಕ್ಕುತ್ತದೆ. ಅದನ್ನು ಕೊಟ್ಟು, ಅದರ ಮೇಲೆ ಲಾಡ್ಜಿನ ಹೆಸರನ್ನೂ ತಾರೀಖನ್ನೂ ಬರೆದರೆ, ಆ ಕಾಗದ ಬೇರೆ ಕೆಲಸಕ್ಕೆ ಬಾರದು. ಮೂಲಪತ್ರವನ್ನು ಮೇಜಿನ ಮೇಲೆ ಬಿಟ್ಟುಬರುವುದು ಮಾತ್ರ ಕೂಡದು.

ಹಗಲಿನ ಮೋಸಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸ್ಮಾರಕಗಳ, ದೋಣಿಯ ಸವಾರಿಯ ಟಿಕೆಟನ್ನು ಇಲಾಖೆಯ ಕೌಂಟರಿನಲ್ಲಿಯೇ ಕೊಳ್ಳಬೇಕು. ಕೋಟೆಯ ಹಾಳುಗೋಡೆಗಳ ಬಳಿ “ಟಿಪ್ಪುವಿನ ಕಾಲದ ನಾಣ್ಯ, ಅಗೆಯುವಾಗ ಸಿಕ್ಕಿತು” ಎಂದು ಪಿಸುಗುಟ್ಟುವವನು ಸಿಕ್ಕಿದರೆ ಕೈಮುಗಿದು ಮುಂದೆ ನಡೆಯಿರಿ. ನಾಣ್ಯ ಸುಳ್ಳಾದರೆ ಹಣ ಹೋಯಿತು; ನಿಜವಾದರೆ, ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿನ ತೊಡಕು ಕೊಂಡವರ ಕೊರಳಿಗೆ ಬಿತ್ತು. ಸವಾರಿಯ ನಡುವೆ ಸೀರೆಯಂಗಡಿಯಲ್ಲಿ ನಿಲ್ಲಿಸಿ “ಇದೇ ಸರ್ಕಾರದ ಮೈಸೂರು ರೇಷ್ಮೆ” ಎಂದರೆ, ರೇಷ್ಮೆ ಉದ್ಯಮಗಳ ನಿಗಮದ ಪ್ರತಿಯೊಂದು ಸೀರೆಯ ಮೇಲೂ ಅದರದೇ ಸಂಖ್ಯೆ, ಹಾಲೊಗ್ರಾಮು ಇರುವುದೆಂಬುದನ್ನು ನೆನಪಿಗೆ ತಂದುಕೊಳ್ಳಿ. ಪಶ್ಚಿಮವಾಹಿನಿ, ಸಂಗಮಗಳಿಗೆ ಅಸ್ಥಿಯನ್ನು ತರುವವರು ದುಃಖದಲ್ಲಿರುತ್ತಾರೆ. ಲೆಕ್ಕ ಕೇಳಲು ಅವರ ನಾಲಗೆ ಏಳದು. ಆದುದರಿಂದ ದಕ್ಷಿಣೆ, ಸಾಮಗ್ರಿ, ಹರಿಗೋಲು ಎಲ್ಲ ಸೇರಿ ಎಷ್ಟಾಗುವುದೆಂಬುದನ್ನು ನೆಂಟರಲ್ಲಿ ಒಬ್ಬರು ನೀರಿಗಿಳಿಯುವ ಮುನ್ನವೇ ಮಾತನಾಡಿ ಮುಗಿಸಿರಬೇಕು.

ಒಡವೆಗಳ ವಿಷಯದಲ್ಲಿ ಮೇಲುಕೋಟೆಯ ದೇವರೇ ನಮಗೆ ಪಾಠ ಹೇಳುತ್ತಾನೆ. ಚೆಲುವನಾರಾಯಣನ ವಜ್ರದ ಕಿರೀಟವಾದ ವೈರಮುಡಿಯು ವರ್ಷವೆಲ್ಲ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಉತ್ಸವಕ್ಕೆ ಪೋಲೀಸು ಕಾವಲಿನಲ್ಲಿ ಬಂದು, ಮುಗಿದ ಮೇಲೆ ಹಿಂದಿರುಗುತ್ತದೆ. ದೇವರ ಕಿರೀಟಕ್ಕೇ ಇಷ್ಟು ಕಾವಲು ಬೇಕಾಗಿರುವಾಗ, ನಮ್ಮ ಮನೆಯ ಹೆಣ್ಣುಮಕ್ಕಳು ಜಾತ್ರೆಯ ನೂಕುನುಗ್ಗಲಿಗೆ ಅವಲಕ್ಕಿ ಸರವನ್ನು ಹಾಕಿಕೊಂಡು ಹೋಗುವುದೇಕೆ?

ಇಷ್ಟೆಲ್ಲ ಎಚ್ಚರವಿದ್ದೂ ಮೋಸಹೋದರೆ, ನಾಚಿ ಸುಮ್ಮನಿರುವುದು ಎರಡನೆಯ ನಷ್ಟ. ಹಣ ಖಾತೆಯಿಂದ ಹೋದ ಕೂಡಲೆ 1930 ಕ್ಕೆ ಫೋನು ಮಾಡಿ ತಿಳಿಸಿದರೆ, ಅದು ಕೈಯಿಂದ ಕೈಗೆ ದಾಟುವ ಮುನ್ನ ಬ್ಯಾಂಕಿನಲ್ಲಿ ತಡೆಯಲು ಅವಕಾಶವುಂಟು. ತಡವಾದಷ್ಟೂ ಆಸೆ ಕುಗ್ಗುವುದು. ಪ್ರಾಣಮಾನಗಳಿಗೆ ಅಪಾಯ ತೋರಿದರೆ 112. ಬಿಲ್ಲಿನ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915. ಈ ಮೂರು ಸಂಖ್ಯೆಗಳನ್ನೂ ಬಿಡಾರದ ವಿಳಾಸವನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯ ಹಿರಿಯರ ಕೈಯಲ್ಲಿಯೂ ಮಕ್ಕಳ ಜೇಬಿನಲ್ಲಿಯೂ ಇಟ್ಟಿರಬೇಕು. ಜಾತ್ರೆಯಲ್ಲಿ ಒಬ್ಬರು ತಪ್ಪಿಸಿಕೊಂಡಾಗ ಆ ಚೀಟಿಯೇ ಮಾತನಾಡುವುದು.

ಇದನ್ನೋದಿ ವಾಚಕರು ಎಲ್ಲರನ್ನೂ ಶಂಕಿಸಬೇಕೆಂದು ನಮ್ಮ ಆಶಯವಲ್ಲ. ದಾರಿ ಕೇಳಿದರೆ ಜೊತೆಯಲ್ಲಿ ಬಂದು ತೋರಿಸುವ, ಬಾಯಾರಿದವರಿಗೆ ಬೆಲ್ಲದೊಡನೆ ನೀರು ಕೊಡುವ ಜನ ಈ ಕಬ್ಬಿನ ನಾಡಿನ ಹಳ್ಳಿಗಳಲ್ಲಿ ಇಂದಿಗೂ ಬೇಕಾದಷ್ಟಿದ್ದಾರೆ. ಅಂಥವರ ಸೌಜನ್ಯವನ್ನು ನಿಶ್ಚಿಂತೆಯಿಂದ ಅನುಭವಿಸಬೇಕಾದರೆ ರಾತ್ರಿಯ ಚಿಂತೆ ಹಗಲಿನಲ್ಲಿಯೇ ಕಳೆದಿರಬೇಕು. ಬಿಡಾರವನ್ನು ಗೊತ್ತುಮಾಡಿಕೊಂಡು ಹೊರಟವನು ರಂಗನಾಥನ ಮುಂದೆ ನಿಂತಾಗ ರಂಗನಾಥನನ್ನೇ ನೋಡುತ್ತಾನೆ. ಗೊತ್ತುಮಾಡಿಕೊಳ್ಳದವನು ಗಡಿಯಾರವನ್ನು ನೋಡುತ್ತಾನೆ.