ಬಾಡಿಗೆ ಮನೆಯ ಬಚ್ಚಲೂ ಗ್ಯಾಸ್ ಗೀಸರೂ

ಮುಂಬಯಿ, ಪುಣೆಗಳಲ್ಲಿ ಬಾಡಿಗೆ ಮನೆ ನೋಡಲು ಹೊರಟ ಕನ್ನಡಿಗ ಕುಟುಂಬವು ಮೊದಲು ವಿಚಾರಿಸುವುದು ನೀರು ಬರುವ ವೇಳೆಯನ್ನು. ಆಮೇಲೆ ರೈಲ್ವೆ ನಿಲ್ದಾಣದ ದೂರವನ್ನು, ಠೇವಣಿಯ ಮೊತ್ತವನ್ನು. ದಲ್ಲಾಳಿಯು ಬಚ್ಚಲಿನ ಬಾಗಿಲು ತೆರೆದು "ಗೀಸರು ಇದೆ" ಎಂದೊಡನೆ ಎಲ್ಲರಿಗೂ ಸಮಾಧಾನ. ಅದು ವಿದ್ಯುತ್ತಿನದೋ ಗ್ಯಾಸಿನದೋ, ಗ್ಯಾಸಿನದಾದರೆ ಉರಿದ ಗಾಳಿ ಹೋಗುವುದೆಲ್ಲಿಗೆ ಎಂದು ಕೇಳುವವರು ವಿರಳ.

ಊರಿನ ಬಚ್ಚಲಲ್ಲಿ ಹಂಡೆಯೊಲೆಯ ಹೊಗೆ ಕಣ್ಣಿಗೆ ಚುಚ್ಚುತ್ತಿತ್ತು. ಹೆಂಚಿನ ಸಂದುಗಳಿಂದ ಹೊರಗೂ ಹೋಗುತ್ತಿತ್ತು. ನಗರದ ಇಕ್ಕಟ್ಟಾದ ಸ್ನಾನಗೃಹದಲ್ಲಿ ಕಿಟಕಿ ಮುಚ್ಚಿ ಗ್ಯಾಸ್ ಗೀಸರು ಹೊತ್ತಿಸಿದರೆ ಜ್ವಾಲೆಯು ಕೋಣೆಯ ಆಮ್ಲಜನಕವನ್ನೇ ಬಳಸುತ್ತದೆ. ಅದು ಕಡಿಮೆಯಾದಂತೆ ದಹನವು ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಸಿಲಿಂಡರಿನ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ದ್ರವ್ಯ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇವುಗಳನ್ನು ಪಿತ್ತವೆಂದೋ ಆಯಾಸವೆಂದೋ ಭಾವಿಸುವುದು ಸಹಜ. ಚಿಲಕ ತೆಗೆಯಬೇಕೆಂದು ತೋರುವಷ್ಟರಲ್ಲಿ ಕೈಕಾಲು ಸ್ವಾಧೀನ ತಪ್ಪಿರಬಹುದು.

ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲೇ ಗೀಸರನ್ನು ಹೊತ್ತಿಸಿ ತೋರಿಸುವಂತೆ ಕೇಳಬೇಕು, ಸಂಕೋಚ ಸಲ್ಲದು. ಜ್ವಾಲೆ ಹಳದಿಯಾಗಿದ್ದರೆ, ಸುತ್ತ ಮಸಿ ಕಟ್ಟಿದ್ದರೆ ದಹನ ಸರಿಯಿಲ್ಲವೆಂದರ್ಥ. ನೀಲಿ ಜ್ವಾಲೆ ಕಂಡ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ಅದೂ ಕ್ರಮೇಣ ಕೆಡುತ್ತದೆ. ಗೀಸರು ಹೊರಗೆ, ಗಾಳಿಯಾಡುವ ಕಡೆ ಇದ್ದು, ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಬೇಕು. ಒಳಗೇ ಇದ್ದರೆ ಹೊರಕ್ಕೆ ಸಾಗಿಸಿಕೊಡುವ ಷರತ್ತನ್ನು ಹನ್ನೊಂದು ತಿಂಗಳ ಕರಾರಿನಲ್ಲೇ ಬರೆಯಿಸುವುದು ಮೇಲು. ಬಾಯಿಮಾತು ಮಳೆಗಾಲದವರೆಗೂ ಉಳಿಯುವುದಿಲ್ಲ. ರಬ್ಬರ್ ನಳಿಗೆಯ ಮೇಲೆ ಮುದ್ರಿಸಿದ ಅವಧಿಯನ್ನು ನೋಡಬೇಕು. ಜೋಡಣೆಗಳಿಗೆ ಸಾಬೂನಿನ ನೀರು ಸವರಿದರೆ, ಸೋರಿಕೆಯಿದ್ದಲ್ಲಿ ಗುಳ್ಳೆ ಏಳುತ್ತದೆ.

ವಿದ್ಯುತ್ ಗೀಸರಿದ್ದಲ್ಲಿ ಭಯ ಬೇರೆ ಬಗೆಯದು. ಭೂಸಂಪರ್ಕ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಬೇಕು. ಸೋರಿಕೆ ತಡೆಯುವ ಸ್ವಿಚ್ಚಿನ ಪರೀಕ್ಷಾ ಗುಂಡಿಯನ್ನು ಒತ್ತಿದಾಗ ವಿದ್ಯುತ್ತು ಕಡಿಯಬೇಕು.

ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ಬಾಗಿಲು ಒಡೆದಾದರೂ ಹೊರಗಿನ ಗಾಳಿಗೆ ತರಬೇಕು. ಗ್ಯಾಸ್ ನಿಲ್ಲಿಸಿ ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ಕೋವಿಡ್ ಕಾಲದಲ್ಲಿ, 2020ರ ನಂತರ, ಅನೇಕ ಮನೆಗಳು ಕೊಂಡ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಲಾಗದು. ವಿಷ ಬೆರೆತ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ ಒಳ್ಳೆಯ ಅಂಕಿಯನ್ನು ತೋರಿಸಬಹುದು. ವೈದ್ಯರಿಗೆ ಮೊದಲು ತಿಳಿಸಬೇಕಾದುದು, ಬಚ್ಚಲಲ್ಲಿ ಗ್ಯಾಸ್ ಗೀಸರು ಉರಿಯುತ್ತಿತ್ತು ಎಂಬುದನ್ನು.